ಕೈಯ ತಪ್ಪು ಮುಚ್ಚಿಡದ ರಿವಾಲ್ವರ್

ಹುಬ್ಬಳ್ಳಿ-ಧಾರವಾಡದ ಹುಡುಗರು ಗುರಿ ಹಿಡಿಯಲು ಕಲಿಯುವುದು 10 ಮೀಟರ್ ಏರ್ ಪಿಸ್ತೂಲಿನಿಂದ. ನಿಯಮದಂತೆ ಅದರ ಟ್ರಿಗರ್‌ಗೆ 500 ಗ್ರಾಂ ಭಾರವಿದ್ದರೆ ಸಾಕು. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಆರಂಭಿಸಿದ .22 ರಿವಾಲ್ವರ್‌ಗಳ ವಂಶದ ಹಳೆಯ ಡಬಲ್ ಆಕ್ಷನ್ ಕುಡಿಗಳು ಅಷ್ಟು ಸಲೀಸಲ್ಲ. ಒಂದೇ ಎಳೆತಕ್ಕೆ ಸಿಲಿಂಡರ್ ತಿರುಗಿ, ಹ್ಯಾಮರ್ ಮೇಲೆದ್ದು ಬೀಳಬೇಕು. ಅಷ್ಟು ಹೊತ್ತೂ ಕೈ ಅಲುಗುವಂತಿಲ್ಲ. ಸಿಲಿಂಡರ್‌ನ ಒಂದು ಕೋಣೆಯಲ್ಲಿ ಸುಟ್ಟ ತೋಟೆಯ ಚಿಪ್ಪಿಟ್ಟು ಅಭ್ಯಾಸ ಮಾಡಿದರೆ, ಗುಂಡು ಹಾರದ ಸರದಿಯಲ್ಲಿ ಮುಂದಿನ ಸೈಟು ಗಕ್ಕನೆ ಕುಸಿಯುತ್ತದೆ. ಕೈ ಮೊದಲೇ ಬೆದರಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಥ ರಿವಾಲ್ವರ್‌ನ ಗಿಡ್ಡ ನಳಿಗೆಯಿಂದ ಅಂಕ ಬಾರದು ಎಂಬ ಆಕ್ಷೇಪ ನಿಜ. ಆದರೆ ಸೈಟುಗಳ ಅಂತರ ಕಿರಿದಾದಷ್ಟೂ ಕೂದಲೆಳೆಯ ತಪ್ಪು ಗುರಿಹಲಗೆಯಲ್ಲಿ ಹಿಗ್ಗುತ್ತದೆ. ಕಲಿಯುವವನಿಗೆ ಬೇಕಾದದ್ದೂ ಅದೇ. 1959ರ ಆಯುಧ ಕಾಯ್ದೆಯಡಿ ರಿವಾಲ್ವರ್‌ಗೆ ಲೈಸೆನ್ಸ್ ಪಡೆಯುವುದು ಕಷ್ಟವೆನ್ನಿ, ಆದರೂ ಈ ನಿಧಾನದ ಎಳೆತದ ಶಿಸ್ತನ್ನು ಏರ್ ಪಿಸ್ತೂಲಿಗೂ ದಾಟಿಸಬಹುದು.