ಮಾನ್ವಿಯ ಜ್ವರ, ದಿಲ್ಲಿಯ ಲೆಕ್ಕ

ಕರ್ನಾಟಕದ ಮೊದಲ ಝೀಕಾ ಪ್ರಕರಣ ಪತ್ತೆಯಾದದ್ದು ಬೆಂಗಳೂರಿನಲ್ಲಲ್ಲ, ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ. ಸೋಂಕು ತಗುಲಿದ್ದು ಐದು ವರ್ಷದ ಮಗುವಿಗೆ. ಅದು ಪರಸ್ಥಳಕ್ಕೆ ಹೋಗಿ ಬಂದದ್ದೂ ಇರಲಿಲ್ಲ. ಡೆಂಗಿ, ಚಿಕೂನ್‌ಗುನ್ಯಾ ಪರೀಕ್ಷೆಗೆಂದು ತೆಗೆದ ರಕ್ತದ ಮಾದರಿಗಳಲ್ಲಿ ಒಂದು ಪಾಲನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳಿಸುವ ರೂಢಿ ಇದೆ. 2022ರ ಡಿಸೆಂಬರ್ 5ರಂದು ಹಾಗೆ ಹೋದ ಮೂರು ಮಾದರಿಗಳಲ್ಲಿ ಒಂದರಲ್ಲಿ ಝೀಕಾ ಸಿಕ್ಕಿತು. 8ಕ್ಕೆ ವರದಿ ಬಂತು. 12ಕ್ಕೆ ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಅದನ್ನು ಬಹಿರಂಗವಾಗಿ ತಿಳಿಸಿದರು.

ಈ ನಾಲ್ಕು ದಿನಗಳ ಬೆಲೆ ತಿಳಿಯಬೇಕಾದರೆ ಅಹಮದಾಬಾದನ್ನು ನೆನೆಯಬೇಕು. ಅಲ್ಲಿ 2016–17ರಲ್ಲಿ ಮೂವರಲ್ಲಿ ಝೀಕಾ ಕಂಡಿತ್ತು. ದೇಶದ ಜನರಿಗೆ ಅದು ತಿಳಿದದ್ದು 2017ರ ಮೇ ತಿಂಗಳಲ್ಲಿ, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ. ಆ ಮೌನಕ್ಕೆ ಹೋಲಿಸಿದರೆ ಮಾನ್ವಿಯಲ್ಲಿ ವ್ಯವಸ್ಥೆ ನಡೆದುಕೊಂಡ ರೀತಿ ಮೆಚ್ಚತಕ್ಕದ್ದು. ಬರೀ ಜ್ವರವೆಂದು ಮರೆತುಬಿಡಬಹುದಾಗಿದ್ದ ಒಂದು ಕಾಯಿಲೆಗೆ ಅದರ ಸರಿಯಾದ ಹೆಸರು ಸಿಕ್ಕಿತು.

ಇಂಥ ಕಾಯಿಲೆಗಳ ಮೇಲೆ ಕಣ್ಣಿಡುವ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ ಶುರುವಾದದ್ದು 2004ರಲ್ಲಿ. ಅದು ನಿಂತಿರುವುದು ಮೂರು ನಮೂನೆಗಳ ಮೇಲೆ. ಲಕ್ಷಣ ನೋಡಿ ಉಪಕೇಂದ್ರದ ಆರೋಗ್ಯ ಸಿಬ್ಬಂದಿ ತುಂಬುವುದು ಎಸ್, ರೋಗಿಯನ್ನು ಪರೀಕ್ಷಿಸಿದ ವೈದ್ಯರು ತುಂಬುವುದು ಪಿ, ಪ್ರಯೋಗಾಲಯ ಖಚಿತಪಡಿಸಿದ ಮೇಲೆ ತುಂಬುವುದು ಎಲ್. ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ವಾರಕ್ಕೊಮ್ಮೆ ತಾಲ್ಲೂಕು, ಜಿಲ್ಲೆ, ರಾಜ್ಯ ದಾಟಿ ದಿಲ್ಲಿ ಮುಟ್ಟುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಕಾಗದ ಹೋಗಿ ಡಿಜಿಟಲ್ ವೇದಿಕೆ ಬಂತು. ಮೊದಲು 18 ರೋಗಗಳಿದ್ದ ಪಟ್ಟಿ 33ಕ್ಕೆ ಬೆಳೆಯಿತು. ಯಾವ ಊರಲ್ಲಿ ಎಷ್ಟು ಜನಕ್ಕೆ ಜ್ವರ ಎಂಬುದು ಈಗ ಅಂದಂದೇ ದಾಖಲಾಗಬಹುದು.

ಆದರೆ ಚೀಕಲಪರ್ವಿಯಂಥ ಊರಲ್ಲಿ ಜ್ವರ ಬಂದವರು ಮೊದಲು ಯಾರ ಹತ್ತಿರ ಹೋಗುತ್ತಾರೆ? ವಿಜಯದಾಸರ ಊರೆಂದು ನಾಡಿಗೆಲ್ಲ ಗೊತ್ತಿರುವ, ತುಂಗಭದ್ರೆಯ ದಂಡೆಯ ಈ ಹಳ್ಳಿ ಮಾನ್ವಿ ತಾಲ್ಲೂಕಿಗೆ ಸೇರಿದ್ದು. ಈ ಸೀಮೆಯಲ್ಲಿ ಜ್ವರ ಬಂದರೆ ಮೊದಲು ಗುಳಿಗಿ. ಇಳಿಯದಿದ್ದರೆ ಹತ್ತಿರದ ಆರ್‌ಎಂಪಿ ಎನಿಸಿಕೊಂಡ ಹಳ್ಳಿ ವೈದ್ಯನ ಬಳಿ ಒಂದು ಸೂಜಿ. ಅದಕ್ಕೂ ಬಗ್ಗದಿದ್ದರೆ ಮಾನ್ವಿಯದೋ ರಾಯಚೂರಿನದೋ ಖಾಸಗಿ ನರ್ಸಿಂಗ್ ಹೋಂ. ಕೈಮೀರಿದರೆ ಕರ್ನೂಲು, ಹೈದರಾಬಾದು. ಮೊದಲಿನ ಎರಡು ಮೆಟ್ಟಿಲುಗಳಿಗೆ ಸರ್ಕಾರದ ಯಾವ ನಮೂನೆಯೂ ಇಲ್ಲ. ಕೊನೆಯ ಮೆಟ್ಟಿಲು ಬೇರೆ ರಾಜ್ಯದಲ್ಲಿದೆ.

ನರ್ಸಿಂಗ್ ಹೋಂ ತಲುಪಿದ ಜ್ವರವೂ ಲೆಕ್ಕಕ್ಕೆ ಸಿಗುತ್ತದೆಂಬ ಭರವಸೆಯಿಲ್ಲ. ಡೆಂಗಿ ಖಚಿತವೆಂದು ಸರ್ಕಾರ ಒಪ್ಪುವುದು ಎಲೈಸಾ ಪರೀಕ್ಷೆಯಲ್ಲಿ ಕಂಡರೆ ಮಾತ್ರ. ಸಣ್ಣ ಊರುಗಳ ಲ್ಯಾಬುಗಳಲ್ಲಿ ಹೆಚ್ಚಾಗಿ ನಡೆಯುವುದು ಕಾರ್ಡ್ ಟೆಸ್ಟ್. ತಪ್ಪು ಫಲಿತಾಂಶ ಲೆಕ್ಕಕ್ಕೆ ನುಗ್ಗಬಾರದೆಂಬ ಎಚ್ಚರ ಸರಿಯಾದದ್ದೇ. ಅದರಿಂದ ಬಿಟ್ಟುಹೋಗುವ ರೋಗಿಗಳ ಸಂಖ್ಯೆ ಮಾತ್ರ ಗಾಬರಿ ಹುಟ್ಟಿಸುವಂಥದ್ದು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2006ರಿಂದ 2012ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಲಕ್ಷ ಡೆಂಗಿ ರೋಗಿಗಳಿದ್ದರು. ಅಧಿಕೃತ ಸರಾಸರಿ 20 ಸಾವಿರದ ಆಸುಪಾಸು. ಅಂದರೆ ಲೆಕ್ಕಕ್ಕೆ ಸಿಕ್ಕದ್ದಕ್ಕಿಂತ ನಿಜದಲ್ಲಿ 282 ಪಟ್ಟು ಹೆಚ್ಚು. ಇಷ್ಟು ಅಂತರವಿದ್ದಾಗ ಸಂಖ್ಯೆ ಏರಿದರೆ ರೋಗ ಏರಿತೋ ಪರೀಕ್ಷೆ ಏರಿತೋ ಹೇಳುವುದು ಕಷ್ಟ.

ಇದಕ್ಕಿಂತ ದೊಡ್ಡ ಕೊರತೆ ಕಾಣುವುದು ನೀರಿನ ವಿಷಯದಲ್ಲಿ. 2022ರ ಮೇ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು. ವಾಂತಿ-ಭೇದಿಯಿಂದ ನರಳಿದವರಿಂದ ಆಸ್ಪತ್ರೆಗಳು ತುಂಬಿದವು. ಮಾರನೇ ವರ್ಷ, ಅದೇ ಬೇಸಿಗೆಯ ಹೊತ್ತಿಗೆ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ. ಅಲ್ಲಿ ಒಂದು ಮಗು ತೀರಿಕೊಂಡಿತು. ವಾಂತಿ-ಭೇದಿ ಸರ್ವೇಕ್ಷಣೆಯ ಪಟ್ಟಿಯಲ್ಲಿ ಮೊದಲಿನಿಂದಲೂ ಇರುವ ಕಾಯಿಲೆ. ಆದರೆ ರೋಗದ ನಮೂನೆ ಇರುವುದು ಆರೋಗ್ಯ ಇಲಾಖೆಯ ಕೈಯಲ್ಲಿ, ನೀರಿನ ವಾಲ್ವ್ ಇರುವುದು ನಗರಸಭೆ ಅಥವಾ ಗ್ರಾಮ ಪಂಚಾಯ್ತಿಯ ಕೈಯಲ್ಲಿ. ಒಂದೇ ಓಣಿಯಿಂದ ಐದಾರು ಭೇದಿ ಪ್ರಕರಣ ಬಂದ ದಿನವೇ ಆ ಓಣಿಯ ನೀರು ನಿಲ್ಲಿಸಿ ಟ್ಯಾಂಕರ್ ಕಳಿಸುವ ಅಧಿಕಾರ ಲೆಕ್ಕ ಬರೆಯುವವರಿಗಿಲ್ಲ. ಹೀಗಿರುವಾಗ ಲೆಕ್ಕ ಎಷ್ಟೇ ಬೇಗ ದಿಲ್ಲಿ ಮುಟ್ಟಿದರೂ ಓಣಿಯ ಜನಕ್ಕೆ ಅದರಿಂದ ಉಪಕಾರವಿಲ್ಲ.

ಕಾಯ್ದೆಗೆ ಕೊರತೆಯಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಅದರಡಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ನಲ್ಲಿ ಯಾವಾಗ ಬರುತ್ತದೋ ಎಂದು ಕೊಡ, ಬ್ಯಾರೆಲ್ಲು ತುಂಬಿಟ್ಟುಕೊಳ್ಳುವ ಊರುಗಳಲ್ಲಿ ಈ ದಂಡ ನ್ಯಾಯದ್ದಲ್ಲ. ನೀರನ್ನು ಹೊತ್ತಿಗೆ ಸರಿಯಾಗಿ ಕೊಡದವರಿಗೂ ಅಂಥದೇ ಹೊಣೆ ಹೊರಿಸಿದ್ದರೆ ಒಪ್ಪಬಹುದಿತ್ತು.

ಕಾಯಿಲೆಯ ಮಾಹಿತಿ ಕಲೆಹಾಕಲು ಕಾಯ್ದೆಗಿಂತ ಸರಳವಾದ ದಾರಿಯನ್ನು ನೆರೆಯ ತಮಿಳುನಾಡು ಎಂದೋ ತೋರಿಸಿದೆ. 1980ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ಉತ್ತರ ಆರ್ಕಾಟ್ ಜಿಲ್ಲೆಯ ಸರ್ಕಾರಿ ವೈದ್ಯರ ಕೈಗೂ ಖಾಸಗಿ ವೈದ್ಯರ ಕೈಗೂ ಮುದ್ರಿತ ಅಂಚೆ ಕಾರ್ಡು ಕೊಟ್ಟರು. ಕಾಯಿಲೆ ಕಂಡರೆ ಬರೆದು ಡಬ್ಬಿಗೆ ಹಾಕಿದರಾಯಿತು. ಆ ಯೋಜನೆಯ ಜೀವಾಳ ಕಾರ್ಡಿನಲ್ಲಿ ಇರಲಿಲ್ಲ. ಬಂದ ಮಾಹಿತಿಯನ್ನೆಲ್ಲ ಒಟ್ಟುಮಾಡಿ ಪ್ರತಿ ತಿಂಗಳು ಅದೇ ವೈದ್ಯರಿಗೆ ಪತ್ರಿಕೆಯ ರೂಪದಲ್ಲಿ ಹಿಂದಿರುಗಿಸುತ್ತಿದ್ದರು. ತಾನು ಬರೆದದ್ದು ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಎಂದು ಗೊತ್ತಾದ ವೈದ್ಯ ಮತ್ತೆ ಬರೆಯುತ್ತಾನೆ. ಖಾಸಗಿಯವರನ್ನು ದಂಡದ ಭಯವಿಲ್ಲದೆ ಒಳಗೆ ತಂದದ್ದು ಈ ಮರುಪತ್ರ.

ಇಂದಿನ ವೇದಿಕೆ ಆ ಅಂಚೆ ಕಾರ್ಡಿಗಿಂತ ಎಷ್ಟೋ ಪಾಲು ವೇಗದ್ದು. ಆದರೆ ಅದರ ಹರಿವು ಮೇಲ್ಮುಖ. ದೇಶದ ವಾರದ ವರದಿ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಮನೆಮನೆ ತಿರುಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಗೆ, ಟ್ಯಾಂಕ್ ತೊಳೆಸಬೇಕಾದ ಪಂಚಾಯ್ತಿ ಸದಸ್ಯರಿಗೆ ಅದು ದಕ್ಕುವಂಥದ್ದಲ್ಲ. ಪುಣೆಯ ಪ್ರಯೋಗಾಲಯಕ್ಕೆ ಮಾನ್ವಿ ಕಾಣಿಸಿತು. ಮಾನ್ವಿಗೆ ತನ್ನದೇ ಜ್ವರದ ಲೆಕ್ಕ ಕಾಣಿಸಬೇಕಲ್ಲ.

ಮಾನ್ವಿ, ದೇವದುರ್ಗ ತಾಲ್ಲೂಕುಗಳ ಜ್ವರ ಮತ್ತು ಭೇದಿಯ ವಾರದ ಲೆಕ್ಕವನ್ನು ರೋಗಿಗಳ ಹೆಸರಿಲ್ಲದೆ, ಊರುವಾರು, ಕನ್ನಡದಲ್ಲಿ ಪಂಚಾಯ್ತಿ ಕಚೇರಿಯ ಫಲಕಕ್ಕೆ ಹಾಕಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಆ್ಯಪ್ ಬೇಕಿಲ್ಲ. ಜಿಲ್ಲಾ ಸರ್ವೇಕ್ಷಣಾ ಘಟಕ ಈ ಕೆಲಸವನ್ನು ಬರುವ ಬೇಸಿಗೆಗೆ ಮೊದಲೇ ಶುರುಮಾಡಬೇಕು.