ಸ್ಪೇಡಿಗೆ ಕಾಯುವವನ ಮುಂದೆ ಎಷ್ಟಿಡಬೇಕು?

ಫ್ಲಾಪ್‌ನಲ್ಲಿ ಎರಡು ಸ್ಪೇಡ್ ಬಿದ್ದೊಡನೆ ಇದ್ದಬದ್ದ ಚಿಪ್ಸನ್ನೆಲ್ಲ ನಡುವಿಗೆ ನೂಕುವ ಟೂರ್ನಿ ಆಟಗಾರರ ಒಂದು ಪಂಗಡವಿದೆ. ಡ್ರಾ ಹಿಡಿದವನನ್ನು ಓಡಿಸಿಬಿಡಬೇಕು ಎಂಬುದು ಅವರ ಮಂತ್ರ. ಈ ಅಂಕಣಕ್ಕೂ ಆ ಪಂಗಡಕ್ಕೂ ಹಳೆಯ ಜಗಳ. ಡ್ರಾ ಓಡಿಹೋದರೆ ಗೆದ್ದವನಿಗೆ ಸಿಗುವುದು ಆಗಲೇ ನಡುವಿನಲ್ಲಿದ್ದ ಪಾಟ್ ಮಾತ್ರ. ಅದೇ ಡ್ರಾ ತಪ್ಪು ಬೆಲೆ ತೆತ್ತು ಮುಂದಿನ ಎಲೆ ನೋಡಲು ಉಳಿದರೆ, ಪ್ರತಿಸಲವೂ ಅವನ ಚಿಪ್ಸಿನ ಒಂದು ಪಾಲು ಈ ಕಡೆಗೆ ಹರಿಯುತ್ತದೆ. ಡೇವಿಡ್ ಸ್ಕ್ಲಾನ್‌ಸ್ಕಿಯ ‘ದಿ ಥಿಯರಿ ಆಫ್ ಪೋಕರ್’ ಇಡೀ ಪುಸ್ತಕವನ್ನು ಕಟ್ಟಿರುವುದೇ ಈ ನೆಲೆಯ ಮೇಲೆ: ನಿಮ್ಮ ಎಲೆ ಕಂಡಿದ್ದರೆ ಎದುರಾಳಿ ಏನು ಮಾಡುತ್ತಿದ್ದನೋ ಅದನ್ನು ಬಿಟ್ಟು ಬೇರೇನನ್ನು ಮಾಡಿದರೂ ಲಾಭ ನಿಮ್ಮದು.

ಒಂದು ಕೈ ನೋಡೋಣ. ಬ್ಲೈಂಡ್ 1,000–2,000, ಆಂಟಿ 2,000. ಬಟನ್‌ನಲ್ಲಿ ಜೋಡಿ ಎಕ್ಕ ಹಿಡಿದವನು 4,500ಕ್ಕೆ ಏರಿಸುತ್ತಾನೆ, ಬಿಗ್ ಬ್ಲೈಂಡ್ ಕಾಲ್ ಮಾಡುತ್ತಾನೆ. ಪಾಟ್ 12,000, ಇಬ್ಬರ ಬಳಿಯೂ ಉಳಿದಿರುವುದು 40,000. ಫ್ಲಾಪ್‌ನಲ್ಲಿ ಸ್ಪೇಡ್ ರಾಣಿ, ಸ್ಪೇಡ್ ಎಂಟು, ಡೈಮಂಡ್ ಮೂರು. ಎದುರಾಳಿಯ ಕೈಯಲ್ಲಿ ಸ್ಪೇಡಿನ ಆರು ಮತ್ತು ಐದು. ಅವನಿಗೆ ಕಾಣದ 47 ಎಲೆಗಳಲ್ಲಿ 9 ಸ್ಪೇಡ್; ಟರ್ನ್‌ನಲ್ಲಿ ಒಂದು ಬೀಳುವ ಸಾಧ್ಯತೆ ಶೇ 19.

ಪಾಟಿನ ಮೂರನೇ ಒಂದು ಭಾಗ, ಅಂದರೆ 4,000 ಇಟ್ಟರೆ ಕಾಲ್ ಮಾಡಲು ಅವನಿಗೆ ಬೇಕಾದದ್ದು ಶೇ 20. ಟರ್ನ್ ಎಲೆಯೊಂದರಿಂದಲೇ ಅವನ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು, ಮುಂದೆ ಕೀಳಬಹುದಾದ ಚಿಪ್ಸೆಲ್ಲ ಅವನಿಗೆ ಮೇಲ್ಗಳಿಕೆ. 8,000 ಇಟ್ಟರೆ ಶೇ 28ಕ್ಕಿಂತ ಹೆಚ್ಚು ಬೇಕು. ಈ ಕೊರತೆ ತುಂಬಬೇಕಾದರೆ ಸ್ಪೇಡ್ ಬಿದ್ದ ಪ್ರತಿಸಲವೂ ಅವನು ಸರಾಸರಿ ಇನ್ನೂ 13,800ರಷ್ಟನ್ನು ಎಕ್ಕದವನಿಂದ ಕೀಳಬೇಕು. ಸ್ಪೇಡ್ ಬೀಳದಿದ್ದರೆ ಪಾಟ್ 28,000, ಕೈಯಲ್ಲಿ 32,000. ಟರ್ನ್‌ನಲ್ಲಿ ಆಲ್-ಇನ್ ಮಾಡಲು ಇದಕ್ಕಿಂತ ಹದವಾದ ಅಳತೆ ಸಿಗದು. ಆಗ ಕಾಲ್ ಮಾಡಲು ಶೇ 35ರ ಹತ್ತಿರ ಬೇಕು, ಅವನ ಬಳಿ ಇರುವುದು ಶೇ 20ರ ಆಸುಪಾಸು.

ಆ 13,800 ಎಂಬ ಅಂಕಿಯೇ ಈ ಇಡೀ ವಿಷಯದ ಕೀಲಿ. ಕೈಯಲ್ಲಿ 40,000 ಬದಲು ಎರಡು ಲಕ್ಷವಿದ್ದರೆ ಅಷ್ಟನ್ನು ಕೀಳುವುದು ಡ್ರಾ ಹಿಡಿದವನಿಗೆ ಕಷ್ಟವಲ್ಲ. ಅದೇ 8,000 ಆಗ ಸಡಿಲ ಬೆಟ್. ಕೈಯಲ್ಲಿ ಬರೀ 10,000 ಉಳಿದಿದ್ದರೆ ಚಿತ್ರ ಮತ್ತೂ ಬದಲಾಗುತ್ತದೆ. ಎಲ್ಲವನ್ನೂ ಇಟ್ಟರೂ ಅವನಿಗೆ ಬೇಕಾದದ್ದು ಶೇ 31. ಎರಡು ಎಲೆ ಸೇರಿದರೆ ಫ್ಲಶ್ ಬೀಳುವ ಸಾಧ್ಯತೆ ಶೇ 35. ಅವನ ಕಾಲ್ ಅನ್ನು ತಪ್ಪಾಗಿಸುವ ಬೆಟ್ ಆ ಮೇಜಿನ ಮೇಲೆ ಇಲ್ಲವೇ ಇಲ್ಲ. ಆದರೂ ಇಡಬೇಕು, ಏಕೆಂದರೆ ಮೂರರಲ್ಲಿ ಹತ್ತಿರಹತ್ತಿರ ಎರಡು ಸಲ ಗೆಲ್ಲುವುದು ಎಕ್ಕವೇ.

ಹೀಗಿರುವಾಗ ಎಲ್ಲ ಫ್ಲಾಪಿಗೂ ಮೂರನೇ ಒಂದು ಭಾಗ ಎಂದು ಬಾಯಿಪಾಠ ಮಾಡಿಕೊಂಡು ಬಂದಿರುವ ಹೊಸ ಪಂಗಡದ ಬಗೆಗೂ ಈ ಅಂಕಣಕ್ಕೆ ಸಮಾಧಾನವಿಲ್ಲ. ಅವರು ನಂಬುವ ಸಾಲ್ವರ್ ತಂತ್ರಾಂಶಗಳು ಸ್ಟ್ಯಾಕ್ ಬದಲಾದಂತೆ ಉತ್ತರವನ್ನೂ ಬದಲಿಸುತ್ತವೆ. ಶಿಷ್ಯರು ಮಾತ್ರ ಒಂದೇ ಉತ್ತರವನ್ನು ಮನೆಗೆ ಒಯ್ದಿದ್ದಾರೆ. ಇನ್ನು ಬಹುಮಾನದ ಗಡಿ ಹತ್ತಿರವಾದಾಗ ಕಳೆದುಕೊಳ್ಳುವ ಚಿಪ್ಸಿನ ಬೆಲೆ ಗಳಿಸುವ ಚಿಪ್ಸಿಗಿಂತ ಹೆಚ್ಚು. ಅಲ್ಲಿ ಡ್ರಾ ಹಿಡಿದ ಮಧ್ಯಮ ಸ್ಟ್ಯಾಕಿನವನನ್ನು ಕಟ್ಟಿಹಾಕಲು ಸಣ್ಣ ಬೆಟ್ ಕೂಡ ಸಾಕಾಗಬಹುದು.

ಇಷ್ಟಾದ ಮೇಲೆ ಟರ್ನ್‌ಗೆ ಬೇರೆಯದೇ ಪಟ್ಟಿ ಕೊಡಬಹುದಿತ್ತು. ಪಟ್ಟಿಗಿಂತ ಹೆಚ್ಚು ಕಲಿಸುವ ಒಂದು ಕೈ ಇರುವಾಗ ಅದು ಕಾಯಲಿ.

2003, ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ. ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟಿಗೆ ಬಂದ 839 ಜನರಲ್ಲಿ ಉಳಿದವರು ಇಬ್ಬರೇ. ಒಬ್ಬ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, ಇನ್ನೊಬ್ಬ ವೃತ್ತಿಪರ ಆಟಗಾರ ಸ್ಯಾಮಿ ಫರ್ಹಾ. ಫರ್ಹಾ ಬಳಿ ಸ್ಪೇಡ್ ರಾಣಿ, ಹಾರ್ಟ್ ಒಂಬತ್ತು. ಮನಿಮೇಕರ್ ಬಳಿ ಸ್ಪೇಡ್ ರಾಜ, ಹಾರ್ಟ್ ಏಳು. ಫ್ಲಾಪ್ ಸ್ಪೇಡ್ ಒಂಬತ್ತು, ಡೈಮಂಡ್ ಎರಡು, ಸ್ಪೇಡ್ ಆರು. ಇಬ್ಬರೂ ಚೆಕ್. ಟರ್ನ್ ಸ್ಪೇಡ್ ಎಂಟು. ಫರ್ಹಾ 3 ಲಕ್ಷ ಇಟ್ಟ, ಮನಿಮೇಕರ್ ಅದನ್ನು 8 ಲಕ್ಷಕ್ಕೆ ಏರಿಸಿದ, ಫರ್ಹಾ ಕಾಲ್. ರಿವರ್ ಹಾರ್ಟ್ ಮೂರು. ಫರ್ಹಾ ಚೆಕ್ ಮಾಡಿದ. ಕೈಯಲ್ಲಿ ಏನೂ ಇಲ್ಲದ ಮನಿಮೇಕರ್ ಆಲ್-ಇನ್ ಎಂದ. ಫರ್ಹಾ ದೀರ್ಘವಾಗಿ ಯೋಚಿಸಿ ಗೆಲ್ಲುವ ಎಲೆಗಳನ್ನು ಕೆಳಗಿಟ್ಟ.

ಜಗತ್ತು ಆ ಕೊನೆಯ ಬ್ಲಫ್ ಅನ್ನೇ ನೆನೆಯುತ್ತದೆ. ಬೆಟ್ ಅಳತೆಯ ಕಣ್ಣಿಂದ ನೋಡಿದರೆ ಟರ್ನ್ ಅದಕ್ಕಿಂತ ರಸವತ್ತಾಗಿದೆ. ಅಲ್ಲಿ ಮನಿಮೇಕರ್‌ನದು ಬರೀ ಡ್ರಾ, ಆದರೆ ಎಂಥ ಡ್ರಾ! ಉಳಿದ 44 ಎಲೆಗಳಲ್ಲಿ 8 ಸ್ಪೇಡ್, ಸ್ಟ್ರೇಟಿಗೆ ಇನ್ನೂ 6, ಜೋಡಿಗೆ 3 ರಾಜ, ಒಟ್ಟು 17 ಎಲೆ ಅವನವು. ಶೇ 39ರ ಹತ್ತಿರ. ಫರ್ಹಾ 3 ಲಕ್ಷ ಎಂದು ಬೆಲೆ ಹೇಳಿದ್ದನೇನೋ ನಿಜ. 8 ಲಕ್ಷ ಎಂದು ತಿದ್ದಿದವನು ಡ್ರಾ ಹಿಡಿದವನೇ. ರಿವರ್ ಎಲೆಯ ಬೆಲೆಯನ್ನು ಕೊಳ್ಳುವವನೇ ನಿಗದಿ ಮಾಡಿದ, ಮಾರಬೇಕಾದವನು ಒಪ್ಪಿಕೊಂಡ. ಮೂರು ಸ್ಪೇಡ್ ಬಿದ್ದ ಬೋರ್ಡಿನಲ್ಲಿ ಕಟ್ಟಿದ ಫ್ಲಶ್‌ಗೆ ಫರ್ಹಾ ಹೆದರಿದ್ದರೆ ಅದು ಸಹಜವೇ, ಹಾಗಾಗಿ ಆ ಕಾಲ್ ಅನ್ನು ದೂಷಿಸುವುದು ಸುಲಭವಲ್ಲ.

ದೂಷಿಸಬೇಕಾದದ್ದು ಫ್ಲಾಪಿನ ಆ ಚೆಕ್ ಅನ್ನು. ಸೊನ್ನೆಯೂ ಒಂದು ಬೆಟ್ ಅಳತೆಯೇ. ಆಗ ಮನಿಮೇಕರ್‌ಗೆ ಇದ್ದದ್ದು ರಾಜ ಬಿದ್ದರೆ ಜೋಡಿ, ಒಟ್ಟು 3 ಎಲೆ; ಎಂಟು ಬಿದ್ದರೂ ಸ್ಟ್ರೇಟಿಗೆ ಇನ್ನೊಂದು ಎಲೆ ಬೇಕಿತ್ತು. ಒಂದೇ ಒಂದು ಸ್ಪೇಡ್ ಕೈಯಲ್ಲಿರುವುದರಿಂದ ಫ್ಲಶ್ ಇನ್ನೂ ಎರಡು ಎಲೆ ದೂರ. ಮೇಲಿನ ಜೋಡಿ ಹಿಡಿದ ಫರ್ಹಾ ಅಲ್ಲಿ ಪಾಟಿನ ಅರ್ಧ ಇಟ್ಟಿದ್ದರೂ ಮನಿಮೇಕರ್ ಬಹುಶಃ ಎಲೆ ಬಿಸಾಡುತ್ತಿದ್ದ, ಸ್ಪೇಡ್ ಎಂಟನ್ನು ನೋಡುತ್ತಲೇ ಇರಲಿಲ್ಲ.