ಬಾಲದ ಅಂಚಿನ ಸಾಕ್ಷ್ಯ

ಸ್ಕಂದಗಿರಿಯ ಪಾಳುಗೋಡೆಯ ಮೇಲೆ ಮಂಜು ಕರಗುವ ವೇಳೆಯಲ್ಲಿ ತೆಗೆದ ಛಾಯಾಚಿತ್ರದೊಳಗೆ, ವರ್ಣವೆಲ್ಲ ಎದುರುಬೆಳಕಿಗೆ ಬಲಿಯಾಗಿ ಬರಿಯ ಕಪ್ಪು ಆಕೃತಿಯಾಗಿ ಉಳಿದ ಪಕ್ಷಿಯನ್ನು, ಬಾಲದ ಅಂಚು ಕವಲೊಡೆದಿದ್ದರೆ ಹದ್ದೆಂದೂ, ದುಂಡಾಗಿದ್ದರೆ ಗರುಡನೆಂದೂ ನಿರ್ಣಯಿಸುವ ಕಲೆ ನನಗೆ ಪರಮಪ್ರಿಯವಾದುದು. ಬಾಲವನ್ನು ಬೀಸಣಿಗೆಯಂತೆ ಪೂರ್ಣವಾಗಿ ಹರಡಿದಾಗ ಹದ್ದಿನ ಕವಲೂ ಮರೆಯಾಗುವುದರಿಂದ, ಒಂದೇ ಚಿತ್ರವನ್ನು ನಂಬದೆ ನಾಲ್ಕಾರನ್ನು ಹೋಲಿಸಿ ನೋಡುವ ತಾಳ್ಮೆ ಇಲ್ಲಿ ಅವಶ್ಯಕ. ಬಾತುಗಳಲ್ಲಿ ಮುಖವೇ ಸಾಕ್ಷಿ: ವರಟೆಯ ಕರಿಕೊಕ್ಕಿಗೆ ಹಳದಿಯ ತುದಿ, ಬುಡದಲ್ಲಿ ಕೆಂಪು ಚುಕ್ಕೆ, ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿಗಾದರೋ ಬಿಳಿಯ ಶಿರದ ಮೇಲೆ ಎರಡು ಕಪ್ಪು ಪಟ್ಟೆಗಳು. ಆದರೂ ಮನಸ್ಸು ಮರಳುವುದು ಬೆಟ್ಟದ ಆ ಆಕೃತಿಯ ಕಡೆಗೇ. ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಚಾಚಿದ ಗರಿಗಳನ್ನು ಎಣಿಸತೊಡಗಿದರೆ ಸಂಜೆ ಸರಿದುದೇ ತಿಳಿಯದು.